ಪೆನಾಂಗ್‌ಗೆ ನಾಲ್ಕು ದಿನ ಸಾಕೇ? ಅತ್ತೆಗೆ ಊಟ ಸಿಗುತ್ತದೆಯೇ?

ಪ್ರಶ್ನೆ: ನಾವು ಮಂಡ್ಯದವರು. ನಾನು, ನಮ್ಮ ಯಜಮಾನರು, ನಮ್ಮತ್ತೆ ಮೂವರೂ ಜನವರಿಯಲ್ಲಿ ನಾಲ್ಕು ದಿನಕ್ಕೆ ಮಲೇಷ್ಯಾದ ಪೆನಾಂಗ್‌ಗೆ ಹೋಗಬೇಕು ಅಂದುಕೊಂಡಿದ್ದೇವೆ. ಯಜಮಾನರಿಗೆ ಊರು ನೋಡುವುದಕ್ಕಿಂತ ಊಟವೇ ಮುಖ್ಯ, ಮೀನು ಮಾಂಸ ಎಲ್ಲ ಆಗುತ್ತದೆ. ಅತ್ತೆ ಕಾಶಿಗೆ ಹೋಗಿ ಬಂದಮೇಲೆ ಬಾಡು ಬಿಟ್ಟಿದ್ದಾರೆ, ಈಗ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಜೊತೆಗೆ ಮಂಡಿ ನೋವು. ಇಷ್ಟು ದಿನದಲ್ಲಿ ಕೌಲಾಲಂಪುರ, ಲಂಕಾವಿಯನ್ನೂ ಸೇರಿಸಬಹುದಾ? ಇಲ್ಲ ಸಿಂಗಪುರವೇ ವಾಸಿಯಾ?
– ಓದುಗರು, ಮಂಡ್ಯ

ಉತ್ತರ: ಮೊದಲು ಕೌಲಾಲಂಪುರ, ಲಂಕಾವಿ ಎರಡನ್ನೂ ಪಟ್ಟಿಯಿಂದ ತೆಗೆಯಿರಿ. ನಾಲ್ಕು ದಿನದಲ್ಲಿ ಮೂರು ಊರು ಅಂದರೆ ನೀವು ನೋಡುವುದು ವಿಮಾನ ನಿಲ್ದಾಣಗಳನ್ನೇ. ಸಿಂಗಪುರ ಚೆನ್ನಾಗಿದೆ, ಸಸ್ಯಾಹಾರವೂ ಸಲೀಸಾಗಿ ಸಿಗುತ್ತದೆ. ಆದರೆ ರೂಮಿನ ಬಾಡಿಗೆ ಕೇಳಿದರೆ ಹಸಿವೇ ಹೋಗುತ್ತದೆ. ತಿನ್ನುವುದಕ್ಕೆ ಅಂತಲೇ ಹೋಗುವವರಿಗೆ ಪೆನಾಂಗ್ ದ್ವೀಪದ ಜಾರ್ಜ್ ಟೌನ್ ಸಾಕು. ಹಳೇ ಬಂದರು ಪಟ್ಟಣ ಅದು. 2008ರಲ್ಲಿ ಮಲೇಷ್ಯಾದ್ದೇ ಇನ್ನೊಂದು ಊರಾದ ಮೆಲಾಕಾ ಜೊತೆಗೆ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಈ ಹಳೇ ಊರಿನೊಳಗೇ ರೂಮು ಹಿಡಿಯಿರಿ. ಬೀಚ್ ಇದೆ ಅಂತ ಬತು ಫೆರಿಂಗಿಯಲ್ಲಿ ಉಳಿದರೆ ದಿನಾ ಓಡಾಟಕ್ಕೇ ಹೊತ್ತು ಹೋಗುತ್ತದೆ.

ಅಲ್ಲಿ ದಿನವನ್ನು ಜಾಗಗಳ ಲೆಕ್ಕದಲ್ಲಿ ಹಂಚಬೇಡಿ, ಹೊಟ್ಟೆಯ ಲೆಕ್ಕದಲ್ಲಿ ಹಂಚಿ. ತಿಂಡಿ ಗಾಡಿಗಳಿಗೆ ತಮ್ಮದೇ ವೇಳೆ ಇದೆ. ಬೆಳಿಗ್ಗೆ ಇದ್ದದ್ದು ಮಧ್ಯಾಹ್ನಕ್ಕೆ ಎತ್ತಿಕೊಂಡು ಹೋಗಿರುತ್ತಾರೆ, ಸಂಜೆ ಅದೇ ಜಾಗದಲ್ಲಿ ಇನ್ಯಾರೋ ಒಲೆ ಹಚ್ಚಿರುತ್ತಾರೆ. ಒಂದು ಗಾಡಿಯಲ್ಲಿ ಬಹುಪಾಲು ಒಂದೇ ಐಟಂ. ಮೈಸೂರಿನಲ್ಲಿ ಮೈಲಾರಿಗೆ ದೋಸೆಗೆ ಅಂತಲೇ ಹೋಗುತ್ತೇವೆ, ಅಲ್ಲಿ ಕೂತು ಅನ್ನ ಸಾರು ಕೇಳುವುದಿಲ್ಲ ಅಲ್ವಾ? ಹಾಗೆ.

ಕೋಪಿಟಿಯಂ ಅಂತ ಹಳೇ ಕಾಫಿ ಅಂಗಡಿಗಳಿವೆ, ಒಳಗೆ ನಾಲ್ಕಾರು ಗಾಡಿಗಳು. ಮೇಜು ಹಿಡಿದುಕೊಂಡು, ಬೇಕಾದ ಗಾಡಿಯವರಿಗೆ ಮೇಜಿನ ನಂಬರ್ ಹೇಳಿ ಬಂದು ಕೂರಬೇಕು. ತಟ್ಟೆ ಬಂದಾಗ ಅವರವರಿಗೇ ದುಡ್ಡು. ಕುಡಿಯುವುದನ್ನು ಮಾತ್ರ ಅಂಗಡಿಯವರ ಹತ್ತಿರ ತೆಗೆದುಕೊಳ್ಳಬೇಕು. ಏನೂ ಕುಡಿಯದೆ ಮೇಜು ಹಿಡಿದು ಕೂತರೆ ಮುಖ ಸಿಂಡರಿಸುತ್ತಾರೆ. ಸುಮ್ನೆ ಕೋಪಿ ಅಂದರೆ ಕಂಡೆನ್ಸ್ಡ್ ಮಿಲ್ಕ್ ಸುರಿದ ಕಾಫಿ ಬರುತ್ತದೆ. ಮನೆಯಲ್ಲಿ ಶುಗರ್ ಇರುವವರಿದ್ದರೆ ‘ಕೋಪಿ ಓ ಕೋಸೊಂಗ್’ ಅನ್ನಿ, ಹಾಲೂ ಇಲ್ಲ, ಸಕ್ಕರೆಯೂ ಇಲ್ಲ.

ಯಜಮಾನರು ತಪ್ಪಿಸಬಾರದ್ದು ಚಾರ್ ಕ್ವೇ ಟಿಯೋ. ಮಾಡುವಾಗ ಪಕ್ಕದಲ್ಲಿ ನಿಂತು ನೋಡಲಿ. ಹೊಗೆಯಾಡುವ ಬಾಣಲೆಗೆ ಬೆಳ್ಳುಳ್ಳಿ, ಅಗಲವಾದ ಅಕ್ಕಿ ಶಾವಿಗೆ, ಸೋಯಾ ಸಾಸ್, ಮೆಣಸಿನಕಾಯಿ ಪೇಸ್ಟ್, ಸೀಗಡಿ ಬೀಳುತ್ತವೆ. ಎಲ್ಲವನ್ನೂ ಬದಿಗೆ ತಳ್ಳಿ ನಡುವೆ ಮೊಟ್ಟೆ ಒಡೆಯುತ್ತಾರೆ. ಮೊಳಕೆ ಕಾಳು, ಕಪ್ಪೆಚಿಪ್ಪಿನ ಮಾಂಸ ಹಾಕಿ ಎರಡು ಸಲ ತಿರುವಿದರೆ ಮುಗಿಯಿತು. ಒಳ್ಳೆ ಕೈಯವರು ಒಂದು ಸಲಕ್ಕೆ ಒಂದೋ ಎರಡೋ ತಟ್ಟೆಯಷ್ಟೇ ಮಾಡುತ್ತಾರೆ. ಜಾಸ್ತಿ ಹಾಕಿದರೆ ಬಾಣಲೆಯ ಕಾವು ಇಳಿದು ಶಾವಿಗೆ ಹುರಿಯುವ ಬದಲು ಬೆಂದುಹೋಗುತ್ತದೆ, ಆ ಹೊಗೆಯ ಘಮ ಹತ್ತುವುದಿಲ್ಲ. ಸಾಲು ಉದ್ದ ಇರುವುದು ಅದಕ್ಕೇ. ಚೀನೀಯರ ಗಾಡಿಗಳಲ್ಲಿ ಹಂದಿ ಕೊಬ್ಬು ಹಾಕುವುದು ಮಾಮೂಲು, ಬೇಡದವರು ಹಲಾಲ್ ಬೋರ್ಡ್ ನೋಡಿಕೊಳ್ಳಿ.

ಅಸ್ಸಾಂ ಲಕ್ಸಾ ನಮ್ಮ ಕಡೆಯ ನಾಲಿಗೆಗೆ ಬೇಗ ಹಿಡಿಸುತ್ತದೆ. ಹುಣಸೆ ಹುಳಿ ಬಿಟ್ಟ ಮೀನಿನ ಸಾರು, ಒಳಗೆ ದಪ್ಪ ಅಕ್ಕಿ ಶಾವಿಗೆ, ಮೇಲೆ ಪುದೀನ, ಅನಾನಸ್. ನಾಸಿ ಕಂದಾರ್ ತಮಿಳು ಮುಸ್ಲಿಮರ ಊಟ. ಅನ್ನದ ಮೇಲೆ ಬೇಕಾದ ಕೋಳಿ, ಮೀನು, ಬೆಂಡೆಕಾಯಿ ಹಾಕಿಸಿಕೊಂಡು ‘ಬಂಜಿರ್’ ಅಂದರೆ ನಾಲ್ಕಾರು ಗೊಜ್ಜನ್ನು ಕಲಸಿದ ಹಾಗೆ ಸುರಿಯುತ್ತಾರೆ. ದೊಡ್ಡ ಸೀಗಡಿ ತೋರಿಸುವ ಮೊದಲು ರೇಟು ಕೇಳಿ. ಬಿಲ್ಲು ಏರುವುದು ಅಲ್ಲೇ.

ಈಗ ನಿಮ್ಮ ಅತ್ತೆ. ಹೆದರಬೇಡಿ, ಉಪವಾಸ ಇರುವುದಿಲ್ಲ. ಲಿಟ್ಲ್ ಇಂಡಿಯಾದ ಬೀದಿಗಳಲ್ಲಿ ಬಾಳೆ ಎಲೆ ಊಟ, ಇಡ್ಲಿ, ದೋಸೆ ಇವೆ. 1833ರ ಮಹಾ ಮಾರಿಯಮ್ಮನ ಗುಡಿಯೂ ಅಲ್ಲೇ ಇದೆ, ಅವರಿಗೆ ಖುಷಿಯಾಗುತ್ತದೆ. ಆದರೆ ನಾಲ್ಕೂ ದಿನ ಇಡ್ಲಿಯನ್ನೇ ತಿನ್ನಿಸಿದರೆ ಅಷ್ಟು ದೂರ ಹೋಗಿದ್ದು ಯಾಕೆ? ಬೌದ್ಧ ಚೀನೀಯರ ಶುದ್ಧ ಸಸ್ಯಾಹಾರಿ ಹೋಟೆಲುಗಳಿಗೆ ಕರೆದುಕೊಂಡು ಹೋಗಿ. ಅಲ್ಲಿನ ಚೀನೀಯರಲ್ಲಿ ತುಂಬಾ ಜನ ತಮ್ಮ ತಿಂಗಳ ಒಂದನೇ ದಿನ, ಹದಿನೈದನೇ ದಿನ ಮಾಂಸ ತಿನ್ನುವುದಿಲ್ಲ. ಅಂದರೆ ಹೆಚ್ಚುಕಮ್ಮಿ ನಮ್ಮ ಅಮಾವಾಸ್ಯೆ, ಹುಣ್ಣಿಮೆ. ಅವರ ಒಂಬತ್ತನೇ ತಿಂಗಳಲ್ಲಿ ಒಂಬತ್ತು ದೇವರ ಹಬ್ಬ ಬರುತ್ತದೆ, ಆಗ ಹಳದಿ ಬಾವುಟ ಕಟ್ಟಿದ ಗಾಡಿಗಳಲ್ಲೆಲ್ಲ ಸಸ್ಯಾಹಾರ. 2024ರಲ್ಲಿ ಅದೂ ನಮ್ಮ ನವರಾತ್ರಿಯೂ ಒಂದೇ ದಿನ ಶುರುವಾಗಿದ್ದವು.

ಎಚ್ಚರ ಇರಬೇಕಾದದ್ದು ಸಸ್ಯಾಹಾರದಂತೆ ಕಾಣುವ ತಿಂಡಿಗಳಲ್ಲಿ. ರೋಜಾಕ್ ನೋಡಿದರೆ ಬರೀ ಹಣ್ಣು, ಸೌತೆಕಾಯಿ. ಮೇಲಿನ ಕಪ್ಪು ಗೊಜ್ಜಿನಲ್ಲಿ ಸೀಗಡಿ ಪೇಸ್ಟ್ ಇರುತ್ತದೆ. ಸೊಪ್ಪಿನ ಪಲ್ಯಕ್ಕೂ ‘ಬೆಲಾಚಾನ್’ ಎಂಬ ಒಣಸೀಗಡಿ ಮುದ್ದೆ ಹಾಕಿಬಿಡುತ್ತಾರೆ. ಆ ಹೆಸರು ಹೇಳಿಯೇ ಬೇಡ ಅನ್ನಿ. ಚೆಂಡೋಲ್ ಮಾತ್ರ ಧಾರಾಳವಾಗಿ ಕೊಡಿಸಿ: ತುರಿದ ಐಸು, ತೆಂಗಿನ ಹಾಲು, ತಾಳೆ ಬೆಲ್ಲ, ಹಸಿರು ಶಾವಿಗೆ, ಕೆಂಪು ಕಾಳು. ಮಂಡ್ಯದವರಿಗೆ ಬೆಲ್ಲದ ರುಚಿ ಹೇಳಿಕೊಡಬೇಕಾಗಿಲ್ಲ.

ನೋಡುವುದಕ್ಕೆ ದಿನಕ್ಕೊಂದು ಜಾಗ ಸಾಕು. ಬಿಸಿಲೂ ಬೆವರೂ ಜಾಸ್ತಿ, ಮಧ್ಯಾಹ್ನ ರೂಮಿನಲ್ಲಿ ಮಲಗಿ. ಒಂದು ಬೆಳಿಗ್ಗೆ ಬೇಗ ಎದ್ದು ಪೆನಾಂಗ್ ಬೆಟ್ಟಕ್ಕೆ ಹೋಗಿ, ಹಳಿಯ ಮೇಲಿನ ಬಂಡಿ ಮೇಲಿನವರೆಗೂ ಒಯ್ಯುತ್ತದೆ. ಶನಿವಾರ, ಭಾನುವಾರ ಬೇಡ, ಸಾಲಿನಲ್ಲೇ ಅರ್ಧ ದಿನ ಕಳೆಯುತ್ತದೆ. ಇಳಿದ ಮೇಲೆ ಹತ್ತಿರದಲ್ಲೇ ಕೆಕ್ ಲೋಕ್ ಸಿ ಬೌದ್ಧ ದೇವಾಲಯ. ಅದರ ಗೋಪುರದ ಬುಡ ಚೀನೀ ಶೈಲಿ, ನಡುವೆ ಥಾಯ್, ತುದಿ ಬರ್ಮಾದ್ದು. ಮೆಟ್ಟಿಲು ತುಂಬಾ ಇವೆ, ಕರುಣೆಯ ದೇವತೆ ಕುವಾನ್ ಯಿನ್‌ಳ 30 ಮೀಟರಿನ ಕಂಚಿನ ಪ್ರತಿಮೆಗೆ ಲಿಫ್ಟ್ ಇದೆ. ಅತ್ತೆಯವರ ಮಂಡಿ ನೆನಪಿಟ್ಟುಕೊಂಡು ಲಿಫ್ಟಿನಲ್ಲೇ ಹೋಗಿ. ಚ್ಯೂ ಜೆಟ್ಟಿಯಲ್ಲಿ ಸಮುದ್ರದೊಳಗೆ ಕಂಬ ನೆಟ್ಟು ಕಟ್ಟಿದ ಮನೆಗಳಿವೆ. ಜನ ಸಂಸಾರ ಮಾಡಿಕೊಂಡಿದ್ದಾರೆ, ಬಾಗಿಲೊಳಗೆ ಮೊಬೈಲ್ ಚಾಚಬೇಡಿ.

ಕಾರ್ನ್‌ವಾಲಿಸ್ ಕೋಟೆ ಚಿಕ್ಕದು, ಅರ್ಧ ಗಂಟೆ ಸಾಕು. ಆದರೂ ನಿಮ್ಮ ಜಿಲ್ಲೆಯವರು ಹೋಗಲೇಬೇಕು ಅನ್ನುತ್ತೇನೆ. 1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಗಾಗಿ ಫ್ರಾನ್ಸಿಸ್ ಲೈಟ್ ಈ ದ್ವೀಪದಲ್ಲಿ ನೆಲೆ ಊರಿದ. ಕೋಟೆಗೆ ಇಟ್ಟ ಹೆಸರು ಆಗಿನ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನದು. ಇದೇ ಕಾರ್ನ್‌ವಾಲಿಸ್ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಒಯ್ದವನು. ಇನ್ನೂ ಇದೆ. ಪೆನಾಂಗ್‌ನ ಎದುರು ದಡಕ್ಕೆ ಪ್ರಾವಿನ್ಸ್ ವೆಲ್ಲೆಸ್ಲಿ ಅಂತ ಹೆಸರಿತ್ತು. ನಮ್ಮ ಶ್ರೀರಂಗಪಟ್ಟಣದ ಕಾವೇರಿ ಮೇಲಿನ ಕಲ್ಲಿನ ವೆಲ್ಲೆಸ್ಲಿ ಸೇತುವೆಗೂ ಅದೇ ಗವರ್ನರ್ ಜನರಲ್‌ನ ಹೆಸರು. ಎದುರು ದಡಕ್ಕೆ ಫೆರಿ ಇದೆ, ಸಂಜೆ ಒಮ್ಮೆ ಸುಮ್ನೆ ಹೋಗಿ ಬನ್ನಿ. ಬಂದರು ಚೆನ್ನಾಗಿ ಕಾಣುವುದು ನೀರಿನ ಮೇಲಿಂದಲೇ.

ಜನವರಿಯಲ್ಲಿ ಮಳೆ ಕಮ್ಮಿ, ಒಳ್ಳೆ ಕಾಲ. ಎರಡು ತಾರೀಖು ಮಾತ್ರ ನೋಡಿಕೊಳ್ಳಿ. ತಮಿಳರ ಮುರುಗನ ಹಬ್ಬ ತೈಪೂಸಂಗೆ ಊರು ತುಂಬಿರುತ್ತದೆ, ರೂಮು ಮೊದಲೇ ಹಿಡಿಯಬೇಕು. ಚೀನೀ ಹೊಸವರ್ಷದ ಮೊದಲ ದಿನಗಳಲ್ಲಿ ಎಷ್ಟೋ ಗಾಡಿಗಳು ಮುಚ್ಚಿರುತ್ತವೆ. ಊಟಕ್ಕೆಂದೇ ಹೋಗುವವರಿಗೆ ಅದಕ್ಕಿಂತ ಕೆಟ್ಟ ಸಮಯ ಇಲ್ಲ.

ಪ್ರಶ್ನೆ: ಪೆನಾಂಗ್‌ಗೆ ವೀಸಾ ಬೇಕಾ? ಮೈಸೂರಿನಿಂದ ಹೋಗುವುದು ಹೇಗೆ? ಜುಲೈನಲ್ಲಿ ಹೋದರೆ ದುರಿಯನ್ ಹಣ್ಣು ಸಿಗುತ್ತದಾ?
– ಓದುಗರು, ಮೈಸೂರು

ಉತ್ತರ: 2026ರ ಕೊನೆಯವರೆಗೆ ಭಾರತೀಯರು ವೀಸಾ ಇಲ್ಲದೆ 30 ದಿನ ಇರಬಹುದು. ತಲುಪುವುದಕ್ಕೆ ಮುಂಚಿನ ಮೂರು ದಿನಗಳ ಒಳಗೆ ಮಲೇಷ್ಯಾ ಸರ್ಕಾರದ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಅದು ಉಚಿತ, ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಮುಚ್ಚಿಬಿಡಿ. ಮೈಸೂರಿನಿಂದ ಫ್ಲೈಬಸ್ ಹತ್ತಿ ಬೆಂಗಳೂರು ವಿಮಾನ ನಿಲ್ದಾಣ, ಅಲ್ಲಿಂದ ಕೌಲಾಲಂಪುರದಲ್ಲಿ ವಿಮಾನ ಬದಲಿಸಿ ಹೋಗುವುದು ಮಾಮೂಲು ದಾರಿ. ಗಡಿಯಾರ ಎರಡೂವರೆ ಗಂಟೆ ಮುಂದೆ ತಿರುಗಿಸಿಕೊಳ್ಳಿ. ಅಲ್ಲಿನ ಸಾಕೆಟ್‌ಗೆ ಚಪ್ಪಟೆ ಮೂರು ಪಿನ್ನಿನ ಅಡಾಪ್ಟರ್ ಬೇಕು.

ದುರಿಯನ್‌ಗೆ ಜುಲೈ ಹೇಳಿ ಮಾಡಿಸಿದ ತಿಂಗಳು. ದ್ವೀಪದ ಹಿಂಬದಿಯ ಬಾಲಿಕ್ ಪುಲಾವ್ ಕಡೆ ರಸ್ತೆ ಬದಿಯಲ್ಲೇ ಬಿಡಿಸಿ ಕೊಡುತ್ತಾರೆ. ವಾಸನೆ ಜೋರು, ಎಷ್ಟೋ ಹೋಟೆಲುಗಳು ಒಳಗೆ ತರಬಾರದು ಅಂತ ಬೋರ್ಡ್ ಹಾಕಿವೆ, ವಿಮಾನದಲ್ಲೂ ಬಿಡುವುದಿಲ್ಲ. ಮನೆಯವರಿಗೂ ತರೋಣ ಅನ್ನುವ ಆಸೆ ಬಿಟ್ಟು ಅಲ್ಲೇ ತಿಂದು, ಕೈ ಬಾಯಿ ತೊಳೆದುಕೊಂಡು ಬನ್ನಿ.