ಸೈಕಲ್ ಪ್ರಶ್ನೋತ್ತರ: ಆಗುಂಬೆ ಏರಿಗೆ ಯಾವ ಗೇರು?

ಪ್ರಶ್ನೆ: ರೋಡ್ ಬೈಕಿನಲ್ಲಿ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಏಳೆಂಟು ತಿರುವು ಕಳೆಯುವಷ್ಟರಲ್ಲಿ ಮಂಡಿಯ ಮುಂಭಾಗ ನೋಯುತ್ತದೆ. ಚೈನ್ ಕೂರುವ ಹಲ್ಲುಚಕ್ರಗಳಲ್ಲಿ ಮುಂದೆ 50/34 ಹಲ್ಲು, ಹಿಂದೆ 11ರಿಂದ 28. ಹಗುರವಾದ ಕಾರ್ಬನ್ ಚಕ್ರ ಹಾಕಿಸಲೇ?
– ಓದುಗರು, ಮಣಿಪಾಲ

ಉತ್ತರ: ಬೇಡ. ಸೈಕಲ್, ನೀರು, ನೀವು ಸೇರಿ 85 ಕೆ.ಜಿ. ಎಂದಿಟ್ಟುಕೊಳ್ಳಿ. ಚಕ್ರದಲ್ಲಿ ಅರ್ಧ ಕೆ.ಜಿ. ಇಳಿಸಿದರೆ 45 ನಿಮಿಷದ ಏರಿನಲ್ಲಿ ಉಳಿಯುವುದು ಹದಿನೈದು ಸೆಕೆಂಡು. ಅಷ್ಟಕ್ಕೆ ಅಷ್ಟು ದುಡ್ಡೇ! ನಿಮ್ಮ ಕಷ್ಟ ಇರುವುದು ಗೇರಿನಲ್ಲಿ. ಮುಂದೆ 34, ಹಿಂದೆ 28ರಲ್ಲಿ ನಿಮಿಷಕ್ಕೆ 70 ಸುತ್ತು ತುಳಿಯಬೇಕಾದರೆ ಗಂಟೆಗೆ ಹತ್ತೂವರೆ ಕಿ.ಮೀ. ವೇಗ ಬೇಕು. ಕಡಿದಾದ ತಿರುವಿನಲ್ಲಿ ವೇಗ ಏಳಕ್ಕೆ ಇಳಿದರೆ ತುಳಿತ 50 ಸುತ್ತೂ ಆಗದು, ಒಂದೊಂದು ತುಳಿತದ ಭಾರವೂ ಮಂಡಿಯ ಮೇಲೆ. ಹಿಂದೆ 11–34ರ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು) ಹಾಕಿದರೆ ಅದೇ 70 ಸುತ್ತು ಒಂಬತ್ತು ಕಿ.ಮೀ. ಒಳಗೇ ಸಿಗುತ್ತದೆ.

ಆದರೆ ಕ್ಯಾಸೆಟ್ ಒಂದನ್ನೇ ಬದಲಿಸಿ ಹೊರಡಬೇಡಿ. ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರ್ ಗಿಡ್ಡ ಪಂಜರದ್ದಾದರೆ (ಪಂಜರವೆಂದರೆ ಅದರ ಪುಲ್ಲಿಗಳಿರುವ ತೋಳು) ಮೇಲಿನ ಪುಲ್ಲಿ 34ರ ಹಲ್ಲಿಗೆ ಉಜ್ಜುತ್ತದೆ. ಉದ್ದ ಪಂಜರದ್ದೇ ಬೇಕು. ಹಳೆಯ ಚೈನೂ ಸಾಲದು: ಅಪ್ಪಿತಪ್ಪಿ ಮುಂದೆಯೂ ಹಿಂದೆಯೂ ದೊಡ್ಡ ಚಕ್ರಕ್ಕೇ ಬಿದ್ದರೆ ಡಿರೇಲರ್ ಎಳೆದು, ಅದು ತೂಗುವ ಹ್ಯಾಂಗರ್ ಮುರಿಯುತ್ತದೆ. ಹೊಸ ಚೈನನ್ನು ಡಿರೇಲರ್‌ಗೆ ಪೋಣಿಸದೆ ಮುಂದಿನ 50, ಹಿಂದಿನ 34ರ ಸುತ್ತ ಬಿಗಿಯಾಗಿ ಸುತ್ತಿ, ತುದಿ ಕೂಡುವಲ್ಲಿಂದ ಎರಡು ಕೊಂಡಿ ಹೆಚ್ಚು ಬಿಟ್ಟು ಕತ್ತರಿಸಿ. ಸೀಟನ್ನೂ ನೋಡಿ: ಹಿಮ್ಮಡಿ ಪೆಡಲಿನ ಮೇಲಿಟ್ಟು ಕೆಳಕ್ಕೆ ತುಳಿದಾಗ ಕಾಲು ನೆಟ್ಟಗಾಗಬೇಕು. ಆಗದಿದ್ದರೆ ಸೀಟು ತಗ್ಗಿದೆ, ನೋವಿಗೆ ಅದೂ ಕಾರಣ.

ಪ್ರಶ್ನೆ: ಈಗ 60 ಕಿ.ಮೀ. ಹೋಗಬಲ್ಲೆ. ಎಂಟು ವಾರದಲ್ಲಿ 200 ಕಿ.ಮೀ. ಬ್ರೆವೆಗೆ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಓಟ) ಸಿದ್ಧವಾಗಬಹುದೇ?
– ಓದುಗರು, ಸುರತ್ಕಲ್

ಉತ್ತರ: ಆಗಬಹುದು. ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕು, ಅಂದರೆ ನಿಲುಗಡೆ ಸೇರಿ ಸರಾಸರಿ 15 ಕಿ.ಮೀ. ಭಾನುವಾರದ ಓಟ ಹೀಗಿರಲಿ: 60, 75, 90, ನಾಲ್ಕನೆಯ ವಾರ ಇಳಿಸಿ 70, ಆಮೇಲೆ 105, 120, 140, ಕೊನೆಗೆ ಬರೀ 30. ವಾರದ ನಡುವೆ ಒಂದು ದಿನ, ಅರ್ಧ ವಾಕ್ಯ ಮಾತ್ರ ಆಡಬಲ್ಲ ವೇಗದಲ್ಲಿ 20 ನಿಮಿಷದಂತೆ ಎರಡು ಬಾರಿ ತುಳಿಯಿರಿ. ಬೇಸಿಗೆಯ ಮಧ್ಯಾಹ್ನ ನಮ್ಮ ಕರಾವಳಿಯಲ್ಲಿ ಗಾಳಿ ವಾಯವ್ಯದಿಂದ ಬೀಸುವುದೇ ಹೆಚ್ಚು. ಹಾಗಾಗಿ ಅಭ್ಯಾಸದ ದಿನ ಹೆದ್ದಾರಿ 66ರಲ್ಲಿ ಬೆಳಿಗ್ಗೆ ಕುಂದಾಪುರದ ಕಡೆ ಹೋಗಿ ಮಧ್ಯಾಹ್ನ ದಕ್ಷಿಣಕ್ಕೆ ಮರಳಿ. ಗಂಟೆಗೆ ಎರಡು ಬಾಳೆಹಣ್ಣು. ಲೀಟರ್ ನೀರಿಗೆ ಕಾಲು ಚಮಚ ಉಪ್ಪು. ಗೋಳಿಬಜೆ ಓಟ ಮುಗಿದ ಮೇಲೆ.

ಪ್ರಶ್ನೆ: ಮಲ್ಪೆ–ಪಡುಕೆರೆ ರಸ್ತೆಯಲ್ಲಿ ಹೋಗಿ ಬಂದ ಮರುದಿನವೇ ಚೈನ್ ತುಕ್ಕು.
– ಓದುಗರು, ಉಡುಪಿ

ಉತ್ತರ: ಅಂದೇ ಸಿಹಿನೀರಲ್ಲಿ ತೊಳೆದು ಒಣಬಟ್ಟೆಯಲ್ಲಿ ಒರೆಸಿ. ಒಣಗಿದ ಮೇಲೆ ಚೈನಿನ ಒಂದೊಂದು ರೋಲರಿಗೆ (ಕೊಂಡಿಯ ನಡುವಿನ ಉರುಳೆ) ಒಂದೊಂದೇ ಹನಿ ಎಣ್ಣೆ. ಹತ್ತು ನಿಮಿಷ ಬಿಟ್ಟು ಹೊರಗಿನದನ್ನು ಪೂರ್ತಿ ಒರೆಸಿ ತೆಗೆಯಿರಿ. ಹೊರಗೆ ಉಳಿದ ಎಣ್ಣೆಗೆ ಮುರಕಲ್ಲಿನ ಧೂಳು ಅಂಟಿ ಚೈನನ್ನೇ ಅರೆಯುತ್ತದೆ.