ನೀವು ಕೇಳಿದ್ರಿ: ವಲ್ಹಲ್ಲಾಗೆ ಎಲ್ಲರಿಗೂ ಎಂಟ್ರಿ ಇತ್ತಾ?

ಹೋದ ಸಂಚಿಕೆಲಿ ಥೋರ್ ಬಗ್ಗೆ ನಾಲ್ಕು ಸಾಲು ಬರೆದಿದ್ದೇ ತಡ, ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಉತ್ತರ ಯುರೋಪಿನ ದೇವರುಗಳ ಬಗ್ಗೆನೇ, ಅಂದ್ರೆ ಸಾವಿರ ವರ್ಷದ ಹಿಂದಿನ ಅಲ್ಲಿನ ಕಡಲ ಯೋಧರು ವೈಕಿಂಗ್‌ಗಳ ದೇವರುಗಳು, ಸತ್ತ ವೀರರು ಸೇರೋ ವಲ್ಹಲ್ಲಾ ಅನ್ನೋ ಹಜಾರ, ಇಂಥವು. ಹಾಗಾಗಿ ಅಡುಗೆ, ಆರೋಗ್ಯದ ಪ್ರಶ್ನೆ ಕಳಿಸಿದೋರು ಮುಂದಿನ ಸಂಚಿಕೆವರೆಗೆ ಕಾಯ್ಬೇಕು, ಬೇಜಾರ್ ಮಾಡ್ಕೋಬೇಡಿ.

ಪ್ರಶ್ನೆ: ಸಾರ್, ಸೀರಿಯಲ್‌ಗಳಲ್ಲಿ ವೈಕಿಂಗ್‌ಗಳು ಸಾಯೋವಾಗ ಕೈಯಲ್ಲಿ ಕತ್ತಿ ಇರ್ಲೇಬೇಕು, ಇಲ್ಲಾಂದ್ರೆ ವಲ್ಹಲ್ಲಾ ಸಿಗಲ್ಲ ಅಂತ ತೋರಿಸ್ತಾರೆ. ಹಂಗಾದ್ರೆ ಜ್ವರ ಬಂದು ಸತ್ತೋರು, ಹೆಂಗಸ್ರು, ಮಕ್ಕಳು ಎಲ್ಲಿಗೆ ಹೋಗ್ತಿದ್ರು? ನರಕಕ್ಕಾ?
(ಪಿಯುಸಿ ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಕತ್ತಿ ಹಿಡ್ಕೊಂಡೇ ಸಾಯಬೇಕು ಅನ್ನೋದು ಸ್ಕ್ರೀನ್ ಮೇಲೆ ಚೆನ್ನಾಗಿ ಕಾಣತ್ತೆ, ಅಷ್ಟೇ. ಹಳೇ ಪದ್ಯಗಳಲ್ಲಿ ಇರೋದು ಯುದ್ಧದಲ್ಲಿ ಬಿದ್ದೋರನ್ನ ದೇವರುಗಳ ದೊರೆ ಓಡಿನ್ ತನ್ನ ಹಜಾರ ವಲ್ಹಲ್ಲಾಗೆ ಕರೆಸ್ಕೊತಾನೆ ಅಂತ, ಅದೂ ಎಲ್ಲರನ್ನಲ್ಲ, ಅರ್ಧ ಜನ ಫ್ರೇಯಾ ದೇವಿಯ ಪಾಲು. ಇದನ್ನ ಸೀರಿಯಲ್‌ನೋರು ಯಾಕೋ ಮರೆತೇ ಬಿಡ್ತಾರೆ. ಅಲ್ಲಿಗೆ ಹೋದೋರಿಗೆ ದಿನಾ ಹೊಡೆದಾಟ, ಸಂಜೆ ಮತ್ತೆ ಎದ್ದು ಕೂತು ಊಟ, ಒಂದೇ ಹಂದಿಯನ್ನ ದಿನಾ ಬೇಯಿಸ್ತಾರೆ ಮಾರನೇ ದಿನ ಅದು ಮತ್ತೆ ಜೀವ ಪಡೆಯತ್ತೆ, ಕುಡಿಯೋಕೆ ಒಂದು ಮೇಕೆಯ ಕೆಚ್ಚಲಿಂದ ಜೇನಿನ ಮದ್ಯ.

ಉಳಿದೋರು ಹೋಗೋದು ಹೆಲ್ ಅನ್ನೋ ಜಾಗಕ್ಕೆ, ಅದರ ಒಡತಿ ಹೆಸರೂ ಹೆಲ್, ಕಿತಾಪತಿ ದೇವರು ಲೋಕಿಯ ಮಗಳು, ಅರ್ಧ ಮೈ ಕಪ್ಪು. ಅದು ನೀವು ಅಂದ್ಕೊಂಡಿರೋ ನರಕ ಅಲ್ಲ. ದೇವರುಗಳಿಗೆಲ್ಲ ಅಚ್ಚುಮೆಚ್ಚಿನ ಬಾಲ್ಡರ್ ಸತ್ತಾಗ ಅವನೂ ಹೋಗಿದ್ದು ಅಲ್ಲಿಗೇ, ಅವನಿಗೆ ಗೌರವದ ಆಸನಾನೇ ಕೊಟ್ಟಿದ್ರು. ಅವನನ್ನ ವಾಪಸ್ ಕರ್ಕೊಂಡ್ ಬರೋಕೆ ಹೆರ್ಮೋಡ್ ಅನ್ನೋನು ಓಡಿನ್‌ನ ಎಂಟು ಕಾಲಿನ ಕುದುರೆ ಹತ್ತಿ ಒಂಬತ್ತು ರಾತ್ರಿ ಕತ್ತಲಲ್ಲಿ ಹೋಗ್ತಾನೆ, ಜಗತ್ತಲ್ಲಿ ಇರೋ ಎಲ್ಲವೂ ಅತ್ತರೆ ಬಿಡ್ತೀನಿ ಅಂತಾಳೆ ಹೆಲ್, ಎಲ್ಲಾ ಅಳತ್ತೆ, ಒಬ್ಬ ರಾಕ್ಷಸಿ ಮಾತ್ರ ಅಳಲ್ಲ ಅಂತಾಳೆ, ಅಲ್ಲಿಗೆ ಮುಗೀತು.

ಇಷ್ಟೇ ಅಲ್ಲ. ಸಮುದ್ರದಲ್ಲಿ ಮುಳುಗಿದೋರನ್ನ ರಾನ್ ಅನ್ನೋ ದೇವತೆ ಬಲೆ ಬೀಸಿ ಎಳ್ಕೊತಾಳೆ. ಐಸ್‌ಲ್ಯಾಂಡಿನ ಪಶ್ಚಿಮದಲ್ಲಿ ಹೆಲ್ಗಾಫೆಲ್ ಅಂತ ಒಂದು ಪುಟ್ಟ ಬೆಟ್ಟ ಇದೆ, ಈಗ್ಲೂ ಹತ್ತಬಹುದು, ಅಲ್ಲಿನ ಒಂದು ಮನೆತನದೋರು ಸತ್ತ ಮೇಲೆ ನಾವೆಲ್ಲ ಈ ಬೆಟ್ಟದ ಒಳಗೇ ಇರ್ತೀವಿ ಅಂತ ನಂಬಿದ್ರು. ಒಂದು ಕತೆಲಿ ಒಬ್ಬ ಕುರಿಗಾಹಿ ನೋಡ್ತಾ ಇದ್ದ ಹಾಗೇ ಬೆಟ್ಟ ಬಾಗಿಲು ತೆಗೆದುಕೊಳ್ಳತ್ತೆ, ಒಳಗೆ ಬೆಂಕಿ, ಗಲಾಟೆ, ಆಗಷ್ಟೇ ಸಮುದ್ರದ ಪಾಲಾದ ಯಜಮಾನನಿಗೆ ಅಪ್ಪನ ಎದುರಿನ ಸೀಟು. ಇನ್ನು ಕೆಲವರು ಎಲ್ಲಿಗೂ ಹೋಗಲ್ಲ, ಸಮಾಧಿಲೇ ಇದ್ದು ಊರಿಗೆ ಕಾಟ ಕೊಡ್ತಾರೆ.

ಇವೆಲ್ಲ ಒಂದಕ್ಕೊಂದು ತಾಳೆ ಆಗಲ್ವಲ್ಲ ಅಂತೀರಾ? ನಾವು ಪಿತೃಪಕ್ಷದಲ್ಲಿ ಎಡೆ ಇಡ್ತೀವಿ, ಮುಂದಿನ ಜನ್ಮಾನೂ ನಂಬ್ತೀವಿ, ಪೇಪರ್‌ಗೆ ಕೊಡೋ ಜಾಹೀರಾತಲ್ಲಿ ಸ್ವರ್ಗಸ್ಥರಾದರು ಅಂತಾನೂ ಬರೆಸ್ತೀವಿ. ಅವರದ್ದೂ ಹಂಗೇ ಅಂದ್ಕೊಳಿ.

ಪ್ರಶ್ನೆ: ಇದನ್ನೆಲ್ಲ ಬರೆದಿಟ್ಟವರು ಯಾರು? ಅವರ ವ್ಯಾಸರು ಯಾರು? ನಂಬಬಹುದೇ?
(ನಿವೃತ್ತ ಶಿಕ್ಷಕರು, ಧಾರವಾಡ)

ಉತ್ತರ: ಮೇಷ್ಟ್ರೇ, ಒಳ್ಳೇ ಕಡೆ ಕೈ ಇಟ್ರಿ. ಮುಖ್ಯವಾದ ಹೆಸರು ಸ್ನೋರ್ರಿ ಸ್ಟುರ್ಲುಸನ್, 1179ರಲ್ಲಿ ಹುಟ್ಟಿದ ಐಸ್‌ಲ್ಯಾಂಡಿನ ಶ್ರೀಮಂತ, ಕವಿ, ಪಕ್ಕಾ ರಾಜಕಾರಣಿ. ಐಸ್‌ಲ್ಯಾಂಡ್ ಕ್ರೈಸ್ತ ಧರ್ಮಕ್ಕೆ ಬದಲಾಗಿದ್ದು ಸುಮಾರು 1000ದಲ್ಲಿ, ಸ್ನೋರ್ರಿ ಈ ಕತೆಗಳಿರೋ ತನ್ನ ಎಡ್ಡಾ ಅನ್ನೋ ಪುಸ್ತಕ ಬರೆದಿದ್ದು 1220ರ ಹೊತ್ತಿಗೆ. ಅಂದ್ರೆ ಇನ್ನೂರು ವರ್ಷ ಆದ್ಮೇಲೆ, ಓಡಿನ್‌ಗೆ ಪೂಜೆ ಮಾಡದೇ ಇರೋ ಒಬ್ಬ ಕ್ರೈಸ್ತ ಬರೆದ ಪುಸ್ತಕ. ಅವನ ಉದ್ದೇಶ ಭಕ್ತಿ ಅಲ್ಲ, ಕಾವ್ಯ. ಹಳೇ ಕವಿಗಳು ಚಿನ್ನ ಅನ್ನೋಕೆ ‘ಫ್ರೇಯಾಳ ಕಣ್ಣೀರು’ ಅಂತ ಬಳಸ್ತಿದ್ರು, ಕತೆ ಗೊತ್ತಿಲ್ಲದ ಹೊಸ ಹುಡುಗರಿಗೆ ಪದ್ಯ ತಲೆಗೇ ಹೋಗ್ತಿರ್ಲಿಲ್ಲ, ಅದಕ್ಕೆ ಕತೆ ಹೇಳಿಕೊಟ್ಟ.

ತಮಾಷೆ ಏನಂದ್ರೆ ಈ ದೇವರುಗಳು ದೇವರುಗಳೇ ಅಲ್ಲ, ಟ್ರಾಯ್ ಊರಿಂದ ಬಂದ ಬುದ್ಧಿವಂತ ಮನುಷ್ಯರು ಅಂತ ಅದೇ ಪುಸ್ತಕದ ಮುನ್ನುಡಿ ಹೇಳತ್ತೆ. ಇನ್ನೊಂದು ಕಡೆ, ನಾರ್ವೆ ರಾಜರ ಚರಿತ್ರೆಲಿ, ಓಡಿನ್ ಡಾನ್ ನದಿ ಆಚೆಯಿಂದ ಬಂದ ಒಬ್ಬ ದೊರೆ, ಸ್ವೀಡನ್‌ಗೆ ಬಂದು ಕಾಯಿಲೆ ಬಿದ್ದು ಹಾಸಿಗೆ ಮೇಲೇ ಸತ್ತ, ಸಾಯೋ ಮುಂಚೆ ಈಟಿಯ ಮೊನೆಯಿಂದ ಮೈಗೆ ಗುರುತು ಮಾಡಿಸ್ಕೊಂಡ ಅಂತ ಬರೆದಿದ್ದಾರೆ. ದಾವಣಗೆರೆ ಹುಡುಗ ಗಮನಿಸಬೇಕು, ವಲ್ಹಲ್ಲಾದ ಮಾಲೀಕನೇ ಯುದ್ಧದಲ್ಲಿ ಸಾಯ್ಲಿಲ್ಲ!

ಹಾಗಂತ ಎಲ್ಲಾ ಸ್ನೋರ್ರಿ ಕಟ್ಟಿದ್ದು ಅಂತ ತಳ್ಳಿಹಾಕೋಕೂ ಆಗಲ್ಲ. ಸ್ವೀಡನ್‌ನ ಗೋಟ್‌ಲ್ಯಾಂಡ್ ದ್ವೀಪದಲ್ಲಿ ಅವನಿಗಿಂತ ನಾನೂರು ವರ್ಷ ಹಿಂದಿನ ಚಿತ್ರಗಲ್ಲುಗಳಿವೆ, ಅದರಲ್ಲಿ ಎಂಟು ಕಾಲಿನ ಕುದುರೆ ಮೇಲೆ ಒಬ್ಬ ಸವಾರ ಬರ್ತಾ ಇದ್ದಾನೆ, ಎದುರಿಗೆ ಒಬ್ಬ ಹೆಂಗಸು ಕುಡಿಯೋ ಕೊಂಬು ಹಿಡ್ಕೊಂಡು ನಿಂತಿದ್ದಾಳೆ, ವಲ್ಹಲ್ಲಾಗೆ ಬಂದ ವೀರನಿಗೆ ಸ್ವಾಗತ ಅಂತ ಎಷ್ಟೋ ವಿದ್ವಾಂಸರ ಅಂದಾಜು. ಕಲ್ಲಿಗೆ ಯಾರೂ ಆಮೇಲೆ ಎಡಿಟ್ ಮಾಡಿಲ್ಲ. ನನ್ನ ಲೆಕ್ಕದಲ್ಲಿ ಕಲ್ಲು ಮೊದಲು, ಹಳೇ ಪದ್ಯ ಎರಡನೇದು, ಸ್ನೋರ್ರಿಯ ಗದ್ಯ ಮೂರನೇದು, ಓದೋಕೆ ಮಜಾ ಮಾತ್ರ ಉಲ್ಟಾ ಆರ್ಡರ್‌ನಲ್ಲಿ ಸಿಗತ್ತೆ. ಪಾಪ, ಸ್ನೋರ್ರಿಯ ಕೊನೆಯೂ ಅವನ ಕತೆಗಳ ಥರಾನೇ, 1241ರಲ್ಲಿ ನಾರ್ವೆ ರಾಜನ ಕಡೆಯೋರು ಅವನ ಮನೆ ನೆಲಮಾಳಿಗೆಲೇ ಕೊಂದು ಹಾಕಿದ್ರು.

ಪ್ರಶ್ನೆ: ವಲ್ಹಲ್ಲಾಗೆ 540 ಬಾಗಿಲು, ಒಂದೊಂದ್ರಿಂದ 800 ವೀರರು, ಗುಣಿಸಿದ್ರೆ 4,32,000. ಕಲಿಯುಗದ ವರ್ಷಗಳೂ ಅಷ್ಟೇ. ಅಂದ್ರೆ ವೈಕಿಂಗ್‌ಗಳು ಮೂಲತಃ ನಮ್ಮವರೇ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನಿಜಾನಾ?
(ಗೃಹಿಣಿ, ತುಮಕೂರು)

ಉತ್ತರ: ಗುಣಾಕಾರ ಸರಿ ಇದೆ ಮೇಡಂ, ಆದ್ರೆ ಗುಣಿಸಿದ್ದು ನಮ್ಮ ಕಾಲದೋರು, ಪದ್ಯ ಗುಣಿಸಲ್ಲ. ಪದ್ಯದಲ್ಲಿರೋದು ಐದು ನೂರು ಮತ್ತು ನಲವತ್ತು ಬಾಗಿಲು, ಒಂದು ದೈತ್ಯ ತೋಳದ ವಿರುದ್ಧ ಕೊನೇ ಯುದ್ಧಕ್ಕೆ ಹೊರಟಾಗ ಒಂದು ಬಾಗಿಲಿಂದ ಎಂಟು ನೂರು ಜನ ಅಂತ. ಈಗ ತೊಡಕು ನೋಡಿ, ಆ ಜನಕ್ಕೆ ನೂರು ಅಂದ್ರೆ ಎಷ್ಟೋ ಸಲ 120. ಆ ಲೆಕ್ಕ ಹಿಡಿದ್ರೆ 640 ಬಾಗಿಲು, 960 ಜನ, ಒಟ್ಟು 6,14,400. ಕಲಿಯುಗ ಅಲ್ಲೇ ಕೈಕೊಡತ್ತೆ.

ದೂರದ ನೆಂಟಸ್ತನ ಇದೆ ಅನ್ನೋದು ಸುಳ್ಳಲ್ಲ, ಸಂಸ್ಕೃತ ಮತ್ತು ಅವರ ಭಾಷೆ ಒಂದೇ ಕುಟುಂಬದವು (ಕನ್ನಡ ಅಲ್ಲ), ಇಂದ್ರ ಮತ್ತು ಥೋರ್ ಇಬ್ರೂ ಸಿಡಿಲಿನೋರು, ಇಬ್ರೂ ಮಹಾಸರ್ಪದ ಶತ್ರುಗಳು. ಅದರಿಂದ ಇವರು ಅವರಾಗಲ್ಲ. ನನಗೆ ಕಲಿಯುಗಕ್ಕಿಂತ ಇಂಟರೆಸ್ಟಿಂಗ್ ಅನ್ಸೋದು ನಮ್ಮ ವೀರಗಲ್ಲು. ಕೆಳಗಡೆ ಕಾಳಗ, ನಡುವೆ ಅಪ್ಸರೆಯರು ಸತ್ತ ವೀರನನ್ನ ಎತ್ಕೊಂಡು ಹೋಗ್ತಿರೋದು, ಮೇಲೆ ಕೈಲಾಸ. ಎಷ್ಟೋ ಕಲ್ಲುಗಳ ಮೇಲೆ ‘ಮೃತೇನಾಪಿ ಸುರಾಂಗನಾ’, ಸತ್ತರೂ ದೇವಕನ್ಯೆ ಸಿಗ್ತಾಳೆ, ಅಂತ ಕೆತ್ತಿದ್ದಾರೆ. ಗೋಟ್‌ಲ್ಯಾಂಡಿನ ಕಲ್ಲಿನ ಹೆಂಗಸಿನ ಪಕ್ಕ ಇಟ್ಟು ನೋಡಿ. ಒಬ್ಬರನ್ನ ನೋಡಿ ಒಬ್ಬರು ಕಲ್ತಿದ್ದಲ್ಲ, ಮಕ್ಕಳನ್ನ ಯುದ್ಧಕ್ಕೆ ಕಳಿಸೋ ಸಮಾಜಕ್ಕೆ ಸತ್ತರೂ ಲಾಸ್ ಇಲ್ಲ ಅಂತ ನಂಬಿಸೋದು ಬೇಕೇ ಬೇಕಾಗತ್ತೆ.

ಪ್ರಶ್ನೆ: ರಾಗ್ನರ್ ಲೋಥ್‌ಬ್ರೋಕ್ ನಿಜವಾಗ್ಲೂ ಇದ್ನಾ?
(ಮಂಗಳೂರು)

ಉತ್ತರ: ಕತೆಗಳಲ್ಲಿ ಬರೋ ಈ ವೈಕಿಂಗ್ ವೀರನ ಮಕ್ಕಳು ಅನ್ನಿಸ್ಕೊಂಡೋರು ನಿಜವಾಗ್ಲೂ ಇದ್ರು, ಅವನೇ ಡೌಟು. 845ರಲ್ಲಿ ರಾಗ್ನರ್‌ಗೆ ಹತ್ತಿರದ ರೆಗಿನ್‌ಹೆರಿ ಅನ್ನೋ ಹೆಸರಿನೋನು ಪ್ಯಾರಿಸ್‌ಗೆ ನುಗ್ಗಿ 7,000 ಪೌಂಡ್ ಬೆಳ್ಳಿ ಕಿತ್ಕೊಂಡ್ ಹೋದ. 865ರಲ್ಲಿ ಇಂಗ್ಲೆಂಡ್‌ಗೆ ದೊಡ್ಡ ಸೈನ್ಯ ಬಂತು, ಅದರಲ್ಲಿ ಅವನ ಮಕ್ಕಳು ಅನ್ನಿಸ್ಕೊಂಡ ಈವಾರ್, ಹಾಲ್ಫ್‌ಡಾನ್ ಇದ್ದಿದ್ದು ನಿಜ, ಯಾರ್ಕ್ ಬಿದ್ದಿದ್ದು ನಿಜ, 867ರಲ್ಲಿ ‘ಎಲ್ಲಾ’ ಅನ್ನೋ ಹೆಸರಿನ ಅಲ್ಲಿನ ರಾಜ ಸತ್ತಿದ್ದೂ ನಿಜ. ಆದ್ರೆ ಆ ರಾಜ ರಾಗ್ನರನ್ನ ಹಾವಿನ ಗುಂಡಿಗೆ ಹಾಕಿಸ್ದ, ಅದಕ್ಕೆ ಮಕ್ಕಳು ಸೇಡು ತೀರಿಸ್ಕೊಂಡ್ರು ಅನ್ನೋ ಕತೆ ಬೆಳೆದು ನಿಂತಿದ್ದು ಶತಮಾನಗಳಾದ್ಮೇಲೆ. ಆ ಕತೆಲಿ ರಾಗ್ನರನ ಹೆಂಡ್ತಿ ಡ್ರ್ಯಾಗನ್ ಕೊಂದ ಸಿಗುರ್ಡ್‌ನ ಮಗಳು. ಸಿಗುರ್ಡ್‌ನ ಕತೆಲಿ ಬರೋ ಅಟ್ಲಿ ಯಾರಪ್ಪಾ ಅಂದ್ರೆ ಹೂಣರ ದೊರೆ ಅಟ್ಟಿಲಾ, ಅವನು ಸತ್ತಿದ್ದು 453ರಲ್ಲಿ. ಒಂಬತ್ತನೇ ಶತಮಾನದ ಗಂಡಿಗೆ ಐದನೇ ಶತಮಾನದ ಮಾವ!

ಉಲ್ಟಾನೂ ಆಗಿದೆ. ಗ್ರೀನ್‌ಲ್ಯಾಂಡ್‌ನೋರು ಪಶ್ಚಿಮಕ್ಕೆ ಹೋಗಿ ವಿನ್‌ಲ್ಯಾಂಡ್ ಅನ್ನೋ ದೇಶ ಕಂಡ್ರು ಅಂತ ಐಸ್‌ಲ್ಯಾಂಡಿನ ಕತೆಗಳಲ್ಲಿತ್ತು, ಎಷ್ಟೋ ಜನ ಕಟ್ಟುಕತೆ ಅಂದ್ರು. 1960ರಲ್ಲಿ ನಾರ್ವೆಯ ಇಂಗ್‌ಸ್ಟಾಡ್ ದಂಪತಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತುದಿಲಿ ಆ ಜನರ ಮನೆಗಳ ಗುರುತು ಪತ್ತೆ ಹಚ್ಚಿದ್ರು. ಅಲ್ಲಿ ಸಿಕ್ಕ ಮರದ ತುಂಡುಗಳನ್ನ ಕಡಿದಿದ್ದು ಸರಿಯಾಗಿ 1021ರಲ್ಲಿ ಅಂತ ವಿಜ್ಞಾನಿಗಳು 2021ರಲ್ಲಿ ಹೇಳಿದ್ರು. ಕೊಲಂಬಸ್‌ಗಿಂತ 471 ವರ್ಷ ಮುಂಚೆ.

ಪ್ರಶ್ನೆ: ಹೆಲ್ಮೆಟ್‌ಗೆ ಕೊಂಬು ಇತ್ತಾ?
(ಹಾಸನ)

ಉತ್ತರ: ಇಲ್ಲ. 1876ರಲ್ಲಿ ಜರ್ಮನಿಯ ಒಂದು ಒಪೇರಾಗೆ ಡ್ರೆಸ್ ಮಾಡಿದೋರ ಉಪಕಾರ ಅದು.

ಪ್ರಶ್ನೆ: ಕೆಲಸಕ್ಕೆ ಅಂತ ಸ್ಟಾಕ್‌ಹೋಮ್‌ಗೆ ಬಂದಿದ್ದೀವಿ. ಅಪ್ಪ ಅಮ್ಮ ಬರ್ತಿದ್ದಾರೆ, ಇದಕ್ಕೆ ಸಂಬಂಧಪಟ್ಟಿದ್ದು ಏನಾದ್ರೂ ತೋರಿಸಬೇಕು.
(ಇಮೇಲ್‌ನಲ್ಲಿ)

ಉತ್ತರ: ರೈಲು ಹತ್ತಿ ಉಪ್ಸಾಲಾಗೆ ಹೋಗಿ, ಅಲ್ಲಿಂದ ಬಸ್ಸಲ್ಲಿ ಗಾಮ್ಲಾ ಉಪ್ಸಾಲಾ. ಮೂರು ದೊಡ್ಡ ಮಣ್ಣಿನ ದಿಬ್ಬ ಇದೆ, ಥೋರ್, ಓಡಿನ್, ಫ್ರೇಯಾಳ ಸೋದರ ಫ್ರೇಯ್ ಇಲ್ಲೇ ಮಲಗಿದ್ದಾರೆ ಅಂತ ಜನ ಹೇಳ್ತಿದ್ರು. ಹತ್ತೊಂಬತ್ತನೇ ಶತಮಾನದಲ್ಲಿ ಅಗೆದಾಗ ಸಿಕ್ಕಿದ್ದು ದೇವರಲ್ಲ, ಸುಟ್ಟ ಮೂಳೆ, ಚಿನ್ನದ ಚೂರು, ಅಂದ್ರೆ ಆರನೇ ಶತಮಾನದ ಹೊತ್ತಿನ ದೊಡ್ಡ ಮನುಷ್ಯರ ದಹನ. ಸ್ಟಾಕ್‌ಹೋಮ್‌ನ ಇತಿಹಾಸ ಮ್ಯೂಸಿಯಂನಲ್ಲಿ ಗೋಟ್‌ಲ್ಯಾಂಡಿನ ಚಿತ್ರಗಲ್ಲೂ ನೋಡ್ಬಹುದು, ಜೊತೆಗೆ ಹೆಲ್ಗೋ ದ್ವೀಪದಲ್ಲಿ 1950ರ ದಶಕದಲ್ಲಿ ಸಿಕ್ಕ ಒಂದು ಪುಟ್ಟ ಕಂಚಿನ ಬುದ್ಧ ಇದ್ದಾನೆ, ಅಮ್ಮಂಗೆ ಮರೀದೇ ತೋರಿಸಿ, ನಮ್ಮ ಉಪಖಂಡದ ವಾಯವ್ಯ ಮೂಲೆಲಿ ಎರಕ ಹೊಯ್ದು ಅಷ್ಟು ದೂರ ಹೋಗಿರೋದು ಅದು. ಚಳಿಗಾಲ ಬೇಡ, ಡಿಸೆಂಬರಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲಾಗಿಬಿಡತ್ತೆ, ಜೂನ್‌ನಲ್ಲಿ ಕರೆಸ್ಕೊಳಿ.