ಖಾಲಿ ಉಳಿದ ಮೂರನೇ ಚೌಕ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಹತ್ತೊಂಬತ್ತರ ಹುಡುಗ, ನರ್ಸಿಂಗ್ ಎರಡನೇ ವರ್ಷ. ನಿದ್ದೆ ಬರುತ್ತಿಲ್ಲ ಅಂತ ಬಂದಿದ್ದ. ಪರೀಕ್ಷೆಯ ಭಯ ಇರಬೇಕು ಅಂದುಕೊಂಡೆ. ಎರಡನೇ ಸಲ ಬಂದಾಗ ಪರ್ಸಿನಿಂದ ನಾಲ್ಕಾಗಿ ಮಡಿಸಿದ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟ. ರಕ್ತದಿಂದ ಹರಡಿ ಲಿವರ್‌ಗೆ ತೊಂದರೆ ಕೊಡುವ ಹೆಪಟೈಟಿಸ್ ಬಿ ಸೋಂಕಿನ ವಿರುದ್ಧದ ಲಸಿಕೆಯ ಕಾರ್ಡ್. ಮಡಿಸಿದ ಗೆರೆಯಲ್ಲಿ ಶಾಯಿ ಮಾಸಿತ್ತು. ಎರಡು ಚೌಕಗಳಲ್ಲಿ ತಾರೀಖು, ಸಹಿ. ಮೂರನೆಯದು ಖಾಲಿ.

ಈ ಲಸಿಕೆ ಸಾಮಾನ್ಯವಾಗಿ ಮೂರು ಡೋಸ್. ಮೊದಲನೇ ಡೋಸ್ ಆಗಿ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಮೊದಲೆರಡು ಹೇಗೋ ಆಗಿಬಿಡುತ್ತವೆ. ಕಾಲೇಜಿಗೇ ಬಂದು ಕೊಡುತ್ತಾರೆ, ಗೆಳೆಯರೆಲ್ಲ ಸಾಲಿನಲ್ಲಿರುತ್ತಾರೆ. ಆಮೇಲಿನ ಐದು ತಿಂಗಳೇ ಕಷ್ಟ. ಇವನ ಮೂರನೇ ತಾರೀಖು ರಜೆಯಲ್ಲಿ ಬಂತು. ನೆನಪಿಸುವ ಮೆಸೇಜ್ ಹೋಗಿದ್ದು ಅಪ್ಪನ ಮೊಬೈಲಿಗೆ. ಕಾಲೇಜಿನಲ್ಲಿ ಕೊಡಿಸುತ್ತಾರೆ ಅಂತ ಅಪ್ಪ ಸುಮ್ಮನಾದರು. ಮನೇಲಿ ಹಾಕಿಸಿಕೊಂಡಿರುತ್ತಾನೆ ಅಂತ ಕಾಲೇಜಿನವರೂ ಸುಮ್ಮನಾದರು. ಗರ್ಭಕಂಠದ ಕ್ಯಾನ್ಸರ್ ತಡೆಯಲು ಕೊಡುವ ಎಚ್‌ಪಿವಿ ಲಸಿಕೆ ಅರ್ಧಕ್ಕೆ ನಿಂತ ಹುಡುಗಿಯರಲ್ಲೂ ಇದನ್ನೇ ಕಂಡಿದ್ದೇನೆ. ಕಾರ್ಡ್ ಅಮ್ಮನ ಬೀರುವಿನಲ್ಲಿ, ಮಗಳು ಹಾಸ್ಟೆಲಿನಲ್ಲಿ.

ಆದರೆ ರಜೆ ಮುಗಿದು ವರ್ಷವೇ ಆಗಿತ್ತಲ್ವಾ? ಮರೆವೊಂದೇ ಕಾರಣ ಅನ್ನಿಸಲಿಲ್ಲ. "ಎರಡನೇ ಡೋಸ್ ದಿನ ಏನಾಯ್ತು, ಹೇಳಪ್ಪ" ಅಂದೆ. ತುಂಬಾ ಹೊತ್ತು ಕಾರ್ಡಿನ ಅಂಚನ್ನೇ ಸವರುತ್ತಿದ್ದ.

"ತಲೆ ತಿರುಗಿ ಬಿದ್ದುಬಿಟ್ಟೆ, ಮೇಡಂ. ಯಾರೋ ವಿಡಿಯೋ ಮಾಡಿದ್ರು. ನರ್ಸ್ ಆಗೋನು ಸೂಜಿಗೆ ಬಿದ್ದ ಅಂತ ಎಲ್ಲರೂ ನಕ್ಕರು."

ಆಮೇಲೆ ಮೂರನೇ ಡೋಸ್ ಆಯಿತಾ ಅಂತ ಕೇಳಿದವರಿಗೆಲ್ಲ ಆಯಿತು ಅಂದಿದ್ದ. ಈಗ ವಾರ್ಡ್ ಡ್ಯೂಟಿ ಶುರುವಾಗಿದೆ, ದಿನಾ ರಕ್ತ, ಸೂಜಿ. ನಿದ್ದೆ ಎಲ್ಲಿಂದ ಬರಬೇಕು?

ಹುಡುಗರಿಗೆ ಜವಾಬ್ದಾರಿ ಇಲ್ಲ ಅಂತ ನಾವು ಎಷ್ಟು ಸುಲಭವಾಗಿ ಹೇಳಿಬಿಡುತ್ತೇವೆ! ಇವನು ಆ ಕಾರ್ಡನ್ನು ವರ್ಷವಿಡೀ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದ್ದಾನೆ.

ಅವನ ಮೊದಲ ಪ್ರಶ್ನೆ, "ಮತ್ತೆ ಮೊದಲಿಂದ ಮೂರೂ ಹಾಕಿಸಿಕೊಳ್ಳಬೇಕಾ?" ಬೇಡ. ಎಷ್ಟೇ ತಡವಾಗಿರಲಿ, ಹಿಂದಿನ ಎರಡು ಡೋಸ್ ಲೆಕ್ಕಕ್ಕಿವೆ. ಬಾಕಿ ಉಳಿದ ಒಂದನ್ನು ಹಾಕಿಸಿದರೆ ಸಾಕು. ಇದನ್ನು ಕೇಳಿದಾಗ ಅವನ ಭುಜ ಇಳಿದದ್ದು ಕಣ್ಣಿಗೆ ಕಾಣುವಂತಿತ್ತು. ಮೂರೂ ಮುಗಿಸಿದ ಆರೋಗ್ಯವಂತ ಯುವಕರಲ್ಲಿ 100ಕ್ಕೆ 90ಕ್ಕಿಂತ ಜಾಸ್ತಿ ಜನರಿಗೆ ರಕ್ಷಣೆ ಸಿಗುತ್ತದೆ ಅಂತಲೂ ಹೇಳಿದೆ.

ತಲೆ ತಿರುಗುವುದು ಹೇಡಿತನ ಅಲ್ಲ. ಹದಿಹರೆಯದವರಲ್ಲಿ ಅದು ಸಾಮಾನ್ಯ. ಸೂಜಿ ಕಂಡಾಗ ಕೆಲವರಿಗೆ ರಕ್ತದೊತ್ತಡ ಥಟ್ಟನೆ ಇಳಿಯುತ್ತದೆ, ಅಷ್ಟೇ. ಹೀಗಾಗಿ ಖಾಲಿ ಹೊಟ್ಟೆಯಲ್ಲಿ ಹೋಗಬೇಡ, "ಹಿಂದೆ ಬಿದ್ದಿದ್ದೆ, ಮಲಗಿಸಿ ಕೊಡಿ" ಅಂತ ಮೊದಲೇ ಹೇಳು ಅಂದೆ. ರಕ್ತದೊತ್ತಡ ಇಳಿಯದಿರಲಿ ಅಂತ ತೊಡೆ, ಹೊಟ್ಟೆಯ ಸ್ನಾಯುಗಳನ್ನು ಹತ್ತು-ಹದಿನೈದು ಸೆಕೆಂಡ್ ಬಿಗಿ ಹಿಡಿದು ಸಡಿಲ ಬಿಡುವುದನ್ನು ಅಲ್ಲೇ ಕುರ್ಚಿಯಲ್ಲಿ ಐದು ಸಲ ಮಾಡಿಸಿದೆ. ಚುಚ್ಚಿಸಿಕೊಳ್ಳುವ ಕೈ ಮಾತ್ರ ಸಡಿಲವಾಗಿರಬೇಕು. ಆದಮೇಲೆ 15 ನಿಮಿಷ ಏಳಬಾರದು. ಗುಂಪಿನ ದಿನ ಬೇಡ, ನಂಬಿಕೆಯ ಒಬ್ಬ ಗೆಳೆಯ ಸಾಕು.

ಸುಳ್ಳು ಹೇಳಿದ್ದನ್ನು ಕಾಲೇಜಿನಲ್ಲಿ ಒಪ್ಪಿಕೊಳ್ಳಲೇಬೇಕು ಅಂದಾಗ ಮುಖ ಬಾಡಿತು. ನಾನು ಸಡಿಲಿಸಲಿಲ್ಲ. ನಾಳೆ ವಾರ್ಡಿನಲ್ಲಿ ರೋಗಿಗೆ ಬಳಸಿದ ಸೂಜಿ ಅಕಸ್ಮಾತ್ ಚುಚ್ಚಿಕೊಂಡರೆ ಆ ಜಾಗವನ್ನು ಸೋಪು, ನೀರಿನಲ್ಲಿ ತೊಳೆದು ತಕ್ಷಣ ತಿಳಿಸಬೇಕು. ಆಗ ಏನು ಚಿಕಿತ್ಸೆ ಕೊಡಬೇಕು ಅನ್ನೋದು ಇವನಿಗೆ ಎಷ್ಟು ಡೋಸ್ ಆಗಿದೆ ಅನ್ನೋದರ ಮೇಲೆ ನಿಂತಿರುತ್ತದೆ. ಏನು ಹೇಳಬೇಕು ಅನ್ನುವ ಎರಡು ವಾಕ್ಯವನ್ನು ಇಬ್ಬರೂ ಕೂತು ಬರೆದೆವು.

ಹತ್ತು ದಿನ ಬಿಟ್ಟು ಬಂದ. ಮೂರನೇ ಚೌಕದಲ್ಲಿ ತಾರೀಖು ಇತ್ತು. ಕಣ್ಣು ಕತ್ತಲೆ ಬಂತಂತೆ, ಮಲಗಿದ್ದರಿಂದ ಹಾಗೇ ಸರಿಹೋಯಿತಂತೆ. ರಕ್ಷಣೆ ಬಂದಿದೆಯೇ ಅಂತ ನೋಡುವ ರಕ್ತಪರೀಕ್ಷೆ ಇನ್ನು ಒಂದೆರಡು ತಿಂಗಳಿಗೆ. ಅದರ ದಿನವನ್ನು ಈ ಸಲ ತನ್ನ ಮೊಬೈಲಿನಲ್ಲೇ ಹಾಕಿಕೊಂಡಿದ್ದಾನೆ.